ಡಂಬಳದ ಕಲ್ಲೂ ಪಾಲಿಥೀನಿನ ಚೀಲವೂ

ಗದಗಿನಿಂದ ಮುಂಡರಗಿಯ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಹೋದರೆ ಡಂಬಳ ಸಿಗುತ್ತದೆ. ಕಪ್ಪತಗುಡ್ಡದ ಮಗ್ಗುಲಿಗಿರುವ ಈ ಊರು ಇಂದು ನೋಡುವುದಕ್ಕೆ ಸಣ್ಣದು, ಇತಿಹಾಸದಲ್ಲಿ ಸಣ್ಣದಲ್ಲ. ಶಾಸನಗಳಲ್ಲಿ ಇದಕ್ಕೆ ಧರ್ಮಪುರ, ಧರ್ಮವೊಳಲ್ ಎಂಬ ಹೆಸರುಗಳಿವೆ. ಇಲ್ಲಿ ದೊರೆತ ಕ್ರಿ.ಶ. 1095ರ ಶಾಸನವೊಂದು ವಿದ್ವಾಂಸರ ವಲಯದಲ್ಲಿ ಬಹಳ ಹೆಸರಾದದ್ದು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಗ ಆಳುತ್ತಿದ್ದ. ಅವನ ರಾಣಿ ಲಕ್ಷ್ಮಾದೇವಿ ಹದಿನೆಂಟು ಅಗ್ರಹಾರಗಳ ಜೊತೆಗೆ ಈ ಧರ್ಮಪುರದ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದಳು. ಊರಿನ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ, ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ದತ್ತಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿಯೂ ಕನ್ನಡ ನಾಡಿನಲ್ಲಿ ಬೌದ್ಧ ಧರ್ಮ ಉಸಿರಾಡುತ್ತಿತ್ತು ಎಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿ.

ಆದರೆ ನನ್ನ ಮನಸ್ಸು ಆ ಶಾಸನದಲ್ಲಿ ಬೇರೆ ಒಂದು ಮಾತಿನ ಹತ್ತಿರ ನಿಂತುಬಿಡುತ್ತದೆ. ಅದು 'ಸೆಟ್ಟಿ' ಎಂಬ ಮಾತು. ಹದಿನಾರು ಸೆಟ್ಟಿಗಳಿದ್ದರೆಂದ ಮೇಲೆ ಅಲ್ಲಿ ವ್ಯಾಪಾರವಿತ್ತು. ವ್ಯಾಪಾರವಿದ್ದ ಮೇಲೆ ಕಾಳು, ಎಣ್ಣೆ, ಬೆಲ್ಲ, ಎಲೆ, ಅಡಕೆಗಳನ್ನು ಕಟ್ಟಿ ಒಯ್ಯುವ ಏರ್ಪಾಡು ಇರಲೇಬೇಕು. ಆ ಕಾಲದ ಕನ್ನಡ ಶಾಸನಗಳು ಸುಂಕವನ್ನು ಅನೇಕ ಕಡೆ 'ಹೇರು' ಲೆಕ್ಕದಲ್ಲಿ ಹೇಳುತ್ತವೆ. ಹೇರೆಂದರೆ ಎತ್ತಿನ ಬೆನ್ನ ಮೇಲಿನ ಹೊರೆ. ಆ ಹೊರೆಯ ಚೀಲ ಗೋಣಿ. ಇಂಗ್ಲಿಷರ 'ಗನ್ನಿ' ಚೀಲ ನಮ್ಮ ದೇಶದ ಇದೇ 'ಗೋಣಿ'ಯಿಂದ ಹುಟ್ಟಿದ್ದೆಂದು ಅವರ ನಿಘಂಟುಗಳೇ ಒಪ್ಪುತ್ತವೆ. ಎಣ್ಣೆಗೆ ತೊಗಲಿನ ಬುದ್ದಲಿ, ಮೊಸರಿಗೆ ಮಣ್ಣಿನ ಗಡಿಗೆ, ಊಟಕ್ಕೆ ಮುತ್ತುಗದ ಎಲೆ. ನಮ್ಮ ಹಿರಿಯರ ಪಾತ್ರೆ ಪದಾರ್ಥ ತೀರ ಈಚಿನವರೆಗೂ ಇವೇ ಆಗಿದ್ದವಲ್ಲವೆ?

ಆ ಗೋಣಿ, ಆ ಬುದ್ದಲಿ, ಆ ಎಲೆ ಇವುಗಳಲ್ಲಿ ಒಂದಾದರೂ ಡಂಬಳದ ಮಣ್ಣಿನಲ್ಲಿ ಇಂದು ಉಳಿದಿಲ್ಲ. ಉಳಿದದ್ದು ಕಲ್ಲು. ದೊಡ್ಡಬಸಪ್ಪನ ಗುಡಿಯನ್ನು ಕಂಡವರಿಗೆ ಅದರ ಸೊಗಸನ್ನು ಬಣ್ಣಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಆ ಗುಡಿಯ ಗರ್ಭಗೃಹದ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಂತೆ ಸುತ್ತಿಕೊಂಡಿದೆ. ಬಾಳಬೇಕಾದದ್ದನ್ನು ನಮ್ಮವರು ಕಲ್ಲಿನಲ್ಲಿ ಕಟ್ಟಿದರು. ಒಂದು ಹೊತ್ತಿನ ಕೆಲಸಕ್ಕೆ ಎಲೆಯನ್ನು ಹಚ್ಚಿದರು. ಇದನ್ನು ಯಾರೂ ಶಾಸ್ತ್ರವೆಂದು ಬರೆದಿಡಲಿಲ್ಲ. ಬರೆದಿಡುವ ಕಾರಣವೂ ಇರಲಿಲ್ಲ, ವಸ್ತುಗಳೇ ಹಾಗಿದ್ದವು. ಎಲೆಗೆ ಕಲ್ಲಿನ ಆಯುಷ್ಯ ಕೊಡುವುದು ಯಾರ ಕೈಯಲ್ಲೂ ಇರಲಿಲ್ಲ.

ಅದು ಮನುಷ್ಯನ ಕೈಗೆ ಬಂದದ್ದು 1933ರಲ್ಲಿ. ಬಂದ ಬಗೆಯೂ ಸ್ವಾರಸ್ಯವಾಗಿದೆ.

ಇಂಗ್ಲೆಂಡಿನ ವಿನ್ನಿಂಗ್‌ಟನ್ ಎಂಬಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ಪ್ರಯೋಗಶಾಲೆಯಿತ್ತು. ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬಿಬ್ಬರು ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡ್ ಎಂಬ ದ್ರವದೊಡನೆ ಕೂಡಿಸಿ, ವಾಯುಮಂಡಲದ ಒತ್ತಡದ ಸಾವಿರಾರು ಪಟ್ಟು ಒತ್ತಡದಲ್ಲಿ ಕಾಯಿಸಿದರು. ಅವರು ಬಯಸಿದ ಪದಾರ್ಥ ಹುಟ್ಟಲಿಲ್ಲ. ಮಾರ್ಚ್ 27ರಂದು ಪಾತ್ರೆ ಬಿಚ್ಚಿ ನೋಡಿದರೆ ಅದರೊಳಗೆ ಮೇಣದಂಥ ಬಿಳಿಯ ವಸ್ತು ಚೂರು ಅಂಟಿಕೊಂಡಿತ್ತು. ಮತ್ತೆ ಮಾಡಲು ಹೋದಾಗ ಒಮ್ಮೊಮ್ಮೆ ಬಂತು, ಒಮ್ಮೊಮ್ಮೆ ಪಾತ್ರೆಯೇ ಸಿಡಿಯಿತು. 1935ರ ಡಿಸೆಂಬರಿನಲ್ಲಿ ಮೈಕೇಲ್ ಪೆರಿನ್ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಕೈಗೊಂಡರು. ಅವರ ಯಂತ್ರದಲ್ಲಿ ಎಲ್ಲಿಯೋ ಸೋರಿಕೆಯಿತ್ತು. ಸೋರಿದ್ದನ್ನು ತುಂಬಲು ಹೊಸ ಎಥಿಲೀನ್ ಬಿಟ್ಟಾಗ ಅದರೊಡನೆ ಆಮ್ಲಜನಕ ಒಂದಿಷ್ಟು ಒಳಹೊಕ್ಕು, ಅದೇ ಹೆಪ್ಪಿನ ಕೆಲಸ ಮಾಡಿತು. ಹೀಗೆ, ಹನಿ ನೀರನ್ನೂ ಸೋರಗೊಡದ ವಸ್ತುವಿನ ಗುಟ್ಟು ತಿಳಿದದ್ದು ಒಂದು ಸೋರುವ ಯಂತ್ರದಿಂದ! ಅದೇ ಪಾಲಿಥೀನ್.

1939ರಲ್ಲಿ ಕಾರ್ಖಾನೆ ಶುರುವಾಯಿತು. ಅದೇ ವರ್ಷ ಮಹಾಯುದ್ಧವೂ ಶುರುವಾಯಿತು. ವಿದ್ಯುತ್ತನ್ನು ಹಾಯಗೊಡದ ಗುಣದಿಂದಾಗಿ ರೇಡಾರ್ ಯಂತ್ರಗಳ ಕೇಬಲ್ಲುಗಳಿಗೆ ಪಾಲಿಥೀನಿನ ಹೊದಿಕೆ ಹಾಕಿದರು. ಆಗ ಅದು ಚೀಲವಾಗಿರಲಿಲ್ಲ, ಕಾವಲಿನ ವಸ್ತುವಾಗಿತ್ತು. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಇನ್ನೊಂದು ಜಾತಿಯ ಪಾಲಿಥೀನ್ ಮಾಡುವ ಮಾರ್ಗ ಕಂಡುಹಿಡಿದರು. ಅವರಿಗೂ ಇಟಲಿಯ ಜೂಲಿಯೊ ನಟ್ಟಾ ಅವರಿಗೂ 1963ರ ನೊಬೆಲ್ ಪಾರಿತೋಷಕ ಬಂತು. ನಮ್ಮ ದೇಶದಲ್ಲಿ ಪಾಲಿಥೀನ್ ತಯಾರಿಕೆ ಆರಂಭವಾದದ್ದು ಬಂಗಾಲದ ರಿಶ್ರಾದಲ್ಲಿ, 1959ರಲ್ಲಿ.

ಈ ಎರಡು ಜಾತಿಗಳ ವ್ಯತ್ಯಾಸವನ್ನು ಗೃಹಿಣಿಯರು ರಸಾಯನಶಾಸ್ತ್ರ ಓದದೆಯೂ ಬಲ್ಲರು. ಪಾಲಿಥೀನೆಂದರೆ ಇಂಗಾಲ, ಜಲಜನಕ ಎರಡೇ ಸೇರಿದ ಬಹು ಉದ್ದನೆಯ ಸರಪಳಿಗಳ ರಾಶಿ. ಸರಪಳಿಗೆ ಅಲ್ಲಲ್ಲಿ ಕವಲು ಒಡೆದಿದ್ದರೆ ಅವು ಒತ್ತಾಗಿ ಕೂಡುವುದಿಲ್ಲ, ಕವಲೊಡೆದ ಕಟ್ಟಿಗೆಯ ಹೊರೆ ಬಿಗಿಯಾಗಿ ಕೂಡದಂತೆ. ಆಗ ವಸ್ತು ಮೆತ್ತಗಾಗುತ್ತದೆ, ಎಳೆದರೆ ಹಿಗ್ಗುತ್ತದೆ. ಹಾಲಿನ ಪಾಕೀಟು ಆ ಜಾತಿಯದು. ಕವಲಿಲ್ಲದ ನೇರ ಸರಪಳಿಗಳು ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ಮುಟ್ಟಿದರೆ ಸರಸರ ಸದ್ದು ಮಾಡುವ ತೆಳುಚೀಲ ಆ ಜಾತಿಯದು. ಎರಡೂ ನೀರಿಗಿಂತ ಹಗುರ, ತೇಲುತ್ತವೆ. ಮೆತ್ತನೆಯದು ಸುಮಾರು 110 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಅದಕ್ಕೆ ಮೊದಲೇ ಮೆತ್ತಗಾಗತೊಡಗುತ್ತದೆ. ಕುದಿಯುವ ಸಾರು, ಚಹಾಗಳನ್ನು ಇದರಲ್ಲಿ ಕಟ್ಟಿಸಿಕೊಂಡು ಬರುವುದು ಜಾಣತನವಲ್ಲವೆಂಬುದಕ್ಕೆ ಇಷ್ಟು ಲೆಕ್ಕ ಸಾಕು. ನೀರು, ಉಪ್ಪು, ಹುಳಿ ಯಾವುದೂ ಇದನ್ನು ತಿನ್ನಲಾರದು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದನ್ನು ಅರಗಿಸುವುದು ಸುಲಭವಲ್ಲ. ಇದರ ವೈರಿ ಒಂದೇ, ಬಿಸಿಲು. ಬಿಸಿಲಿಗೆ ಸರಪಳಿಗಳು ತುಂಡಾಗಿ ವಸ್ತು ಪುಡಿಪುಡಿಯಾಗುತ್ತದೆ. ಪುಡಿಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಐನೂರು ವರ್ಷ, ಸಾವಿರ ವರ್ಷ ಎಂದು ಇದರ ಆಯುಷ್ಯವನ್ನು ಹೇಳುವವರಿದ್ದಾರೆ. ಪಾಲಿಥೀನಿಗೆ ಇನ್ನೂ ನೂರು ವರ್ಷವೇ ತುಂಬಿಲ್ಲ. ಆದ್ದರಿಂದ ಆ ಮಾತುಗಳೆಲ್ಲ ಅಂದಾಜೇ ಹೊರತು ಯಾರೂ ಕಣ್ಣಾರೆ ಕಂಡದ್ದಲ್ಲ.

ನಮ್ಮ ಮನೆಗಳಿಗೆ ಇದು ಬಂದಾಗ ಕಸವಾಗಿ ಬರಲಿಲ್ಲ, ಸಂಪತ್ತಾಗಿ ಬಂತು. ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಹುಟ್ಟಿದ್ದು 1974ರಲ್ಲಿ. ಅದು 1984ರಲ್ಲಿ ಹಾಲು ಮಹಾಮಂಡಳವಾಯಿತು. ನಂದಿನಿ ಹಾಲಿನ ಪಾಕೀಟು ಊರೂರಿಗೆ ಬಂದಂತೆ ಚರಗಿ ಹಿಡಿದು ಗೌಳಿಗರ ಮನೆಗೆ ಹೋಗುವ ವಾಡಿಕೆ ಕಡಿಮೆಯಾಯಿತು. ನಮ್ಮ ಅಜ್ಜಿ ಬರಿದಾದ ಪಾಕೀಟನ್ನು ತೊಳೆದು ಅಡಿಗೆಮನೆಯ ಗೋಡೆಗೆ ಅಂಟಿಸಿ ಒಣಗಿಸುತ್ತಿದ್ದಳು. ಸಂಡಿಗೆ, ಹುಣಸೆಹಣ್ಣು, ಮಳೆಗಾಲದ ಬೆಂಕಿಪೊಟ್ಟಣ ಎಲ್ಲ ಅದರಲ್ಲಿ. ಮಿಕ್ಕವು ಕಟ್ಟುಕಟ್ಟಾಗಿ ರದ್ದಿಯವನಿಗೆ ತೂಕಕ್ಕೆ ಹೋಗುತ್ತಿದ್ದವು. ಪಾಕೀಟುಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಚಾಪೆ ಹೆಣೆದ ಹೆಣ್ಣುಮಕ್ಕಳನ್ನೂ ನಾನು ಕಂಡಿದ್ದೇನೆ. ಹರಿದ ಸೀರೆ ಧೋತರಗಳಿಂದ ಕೌದಿ ಹೊಲಿಯುತ್ತಿದ್ದ ಕೈಗಳು ಹೊಸ ವಸ್ತುವನ್ನೂ ಹಳೆಯ ಕಣ್ಣಿನಿಂದಲೇ ನೋಡಿದವು. ಬಳಸಿ ಬಿಸಾಡುವುದೆಂಬುದು ಆ ಕಣ್ಣಿಗೆ ಗೊತ್ತಿರಲಿಲ್ಲ.

ಹೊಲಗಳಲ್ಲಿ ಇದರ ಉಪಕಾರ ಇನ್ನೂ ದೊಡ್ಡದು. ಕಂಬಳಿಯ ಕೊಪ್ಪೆ ಹೊರಲು ಇಲ್ಲದ ಬಡವ ಗೊಬ್ಬರದ ಚೀಲದ ಒಳಹಾಳೆಯನ್ನು ಕೊಪ್ಪೆ ಮಾಡಿಕೊಂಡ. ಬಣವೆಗೆ ಹೊದಿಸುವ ಪ್ಲಾಸ್ಟಿಕ್ ಹಾಸಿಗೆ ನಮ್ಮ ಕಡೆ 'ತಾಡಪತ್ರಿ' ಎನ್ನುತ್ತಾರೆ. ತಾಡಪತ್ರವೆಂದರೆ ತಾಳೆಯ ಎಲೆ, ಹಿಂದಿನವರು ಗ್ರಂಥ ಬರೆದದ್ದು. ಹೆಸರಿನಲ್ಲಿ ಎಲೆ ಉಳಿಯಿತು, ವಸ್ತುವಿನಲ್ಲಿ ಎಲೆಯ ಅಂಶವೂ ಇಲ್ಲ. 2014ರಲ್ಲಿ ರಾಜ್ಯ ಸರಕಾರ ಕೃಷಿ ಭಾಗ್ಯ ಯೋಜನೆ ತಂದ ಮೇಲೆ ಮಳೆಯನ್ನೇ ನಂಬಿದ ಸೀಮೆಗಳಲ್ಲಿ ಕೃಷಿ ಹೊಂಡಗಳು ಎದ್ದವು. ನೀರು ಇಂಗದಂತೆ ತಳಕ್ಕೆ ದಪ್ಪ ಪಾಲಿಥೀನ್ ಹಾಳೆ ಹಾಸುವುದು ಆ ಯೋಜನೆಯಲ್ಲಿಯೇ ಸೇರಿತ್ತು.

ಡಂಬಳದ ಆಸುಪಾಸಿನ ಹೊಲವೊಂದರಲ್ಲಿ ಅಂಥ ಹೊಂಡದ ದಂಡೆಯ ಮೇಲೆ ಕುಳಿತ ವಯಸ್ಸಾದ ರೈತರೊಬ್ಬರನ್ನು ನಾನು ಮಾತನಾಡಿಸಿದೆ.

"ಈ ಹಾಳಿ ಎಷ್ಟು ವರ್ಷದ್ದು ಕಾಕಾ?"

"ಐದ ವರ್ಷ ಆತ್ರಿ. ನಮ್ಮದು ಮಸಾರಿ ಹೊಲ. ಹಾಳಿ ಇಲ್ದಿದ್ರ ನೀರು ಮೂರ ದಿನಾ ನಿಂದ್ರತಿರಲಿಲ್ಲ, ಕುಡದ ಬಿಡತಿತ್ತು. ಇದರಿಂದ ಎರಡ ಸಲ ಪೀಕು ಉಳದೈತಿ ನೋಡ್ರಿ."

"ಹರದ ಮ್ಯಾಲ ಏನ್ಮಾಡ್ತೀರಿ?"

"ಚಲೋ ಭಾಗ ಕತ್ತರಿಸಿ ಬಣವಿಗೆ ಹೊಚ್ಚತೀವಿ. ಅಲ್ಲೂ ಹರದ್ರ ಕೊಟಗಿ ಸೋರೂ ಕಡೆ ಹಾಕತೀವಿ. ಇದರ ಚಿಂತಿ ಇಲ್ಲರಿ. ಚಿಂತಿ ಇರೂದು ಸಂತಿಯಿಂದ ಬರೂ ಸಣ್ಣ ಚೀಲದ್ದು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮದೊಂದು ಆಕಳ ಹೋತರಿ. ಮೇವ ಹಾಕಿದ್ರ ಮೂಸಿ ನೋಡಿ ಬಿಡತಿತ್ತು. ಡಾಕ್ಟರು ಕೊಯ್ದ ನೋಡಿದ್ರ ಹೊಟ್ಟಿ ತುಂಬ ಚೀಲದ ಗಂಟು. ಹೊಟ್ಟಿ ತುಂಬಿದಂಗ ಅನಸೂದಂತ ಅದಕ್ಕ. ಹಸದ ಸತ್ತಿತು," ಎಂದರು.

ನಾನು ಏನೂ ಹೇಳಲಾಗಲಿಲ್ಲ. ಒಂದೇ ವಸ್ತು, ಒಂದು ಕಡೆ ಪೀಕು ಉಳಿಸಿದೆ, ಇನ್ನೊಂದು ಕಡೆ ಆಕಳನ್ನು ಕೊಂದಿದೆ. ಹಾಗಾದರೆ ಪಾಲಿಥೀನ್ ಒಳ್ಳೆಯದೋ ಕೆಟ್ಟದೋ? ಪ್ರಶ್ನೆಯನ್ನು ಹಾಗೆ ಕೇಳಿದರೆ ಉತ್ತರ ಸಿಗಲಾರದು. ಹೊಂಡದ ಹಾಳೆ ವರ್ಷಗಟ್ಟಲೆ ಇರಬೇಕೆಂದೇ ಹಾಸಿದ್ದು. ಹಾಳಾಗದಿರುವುದೇ ಅದರ ಗುಣ. ಸಂತೆಯ ಚೀಲದ ಕೆಲಸ ಅಂಗಡಿಯಿಂದ ಮನೆಯವರೆಗಿನ ಅರ್ಧ ಗಂಟೆಯದು. ಅಲ್ಲಿ ಹಾಳಾಗದಿರುವುದೇ ದೋಷ. ವಸ್ತು ಬೇರೆಯಲ್ಲ. ಕೆಲಸದ ಅವಧಿ ಬೇರೆ.

ಆ ಚೀಲದ ಕಥೆಯಲ್ಲಿಯೂ ಒಂದು ವಿಪರ್ಯಾಸವಿದೆ. ಈಗ ನಾವು ಕಾಣುವ, ಎರಡು ಕಿವಿಗಳುಳ್ಳ ಕ್ಯಾರಿಬ್ಯಾಗನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. 1965ರಲ್ಲಿ ಸೆಲ್ಲೊಪ್ಲಾಸ್ಟ್ ಎಂಬ ಕಂಪನಿಗೆ ಅದರ ಅಮೆರಿಕದ ಪೇಟೆಂಟ್ ದೊರೆಯಿತು. ಕಾಗದದ ಚೀಲಕ್ಕಾಗಿ ಕಾಡು ಕಡಿಯುವುದು ತಪ್ಪಲಿ, ಜನ ಇದನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸಲಿ ಎಂಬುದು ಥುಲಿನ್ನರ ಎಣಿಕೆಯಾಗಿತ್ತೆಂದು ಅವರ ಮನೆಯವರು ಹೇಳಿದ್ದಾರೆ. ನಮ್ಮ ಅಜ್ಜಿ ಅವರ ಮಾತು ಕೇಳದೆಯೇ ಹಾಗೆ ನಡೆದುಕೊಂಡಳು. ಪೇಟೆ ಹಾಗೆ ನಡೆಯಲಿಲ್ಲ. ಚೀಲ ಅಗ್ಗವಾದಷ್ಟೂ ತೆಳುವಾಯಿತು, ತೆಳುವಾದಷ್ಟೂ ಅಗ್ಗವಾಯಿತು, ಕೊನೆಗೆ ಪುಕ್ಕಟೆಯಾಯಿತು. ಪುಕ್ಕಟೆ ಬಂದದ್ದನ್ನು ಯಾರು ಮಡಿಚಿಡುತ್ತಾರೆ?

ತೆಳುವಿನ ಲೆಕ್ಕ ಸ್ವಲ್ಪ ನೋಡೋಣ. 30 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಉದ್ದದ ಚೀಲವೊಂದು 20 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು, ದಪ್ಪವಿದ್ದರೆ ಅದರ ತೂಕ ನಾಲ್ಕೂವರೆ ಗ್ರಾಮಿಗೂ ಒಳಗೆ. ಒಂದು ಕಿಲೋ ಕೂಡಿಸಬೇಕಾದರೆ ಆಯುವವರು ಸುಮಾರು 225 ಸಲ ಬಗ್ಗಬೇಕು. ಅದೇ ಚೀಲ 120 ಮೈಕ್ರಾನ್ ಇದ್ದರೆ 38 ಚೀಲಕ್ಕೆ ಕಿಲೋ ತುಂಬುತ್ತದೆ. ಬೀದಿಯಲ್ಲಿ ಬಿದ್ದ ಗಟ್ಟಿ ಡಬ್ಬಿ, ಬಾಟಲಿಗಳು ಬೇಗ ಮಾಯವಾಗಿ, ತೆಳುಚೀಲ ಮಾತ್ರ ಜಾಲಿಯ ಕಂಟಿಗೆ ಸಿಕ್ಕಿ ಪಟಪಟನೆ ಹಾರಾಡುವುದೇಕೆಂಬುದಕ್ಕೆ ಇದೇ ಉತ್ತರ. ಅದನ್ನು ಆಯ್ದರೆ ಕೂಲಿ ಗಿಟ್ಟುವುದಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಈ ಚೀಲಗಳನ್ನು ಹೊಲದಿಂದ ಹೊಲಕ್ಕೆ, ಕೆರೆಯಿಂದ ಕೆರೆಗೆ ಒಯ್ಯುತ್ತದೆ.

ಕಾನೂನು ಈ ಗುಟ್ಟನ್ನು ಮೆಲ್ಲಗೆ ಅರಿತುಕೊಂಡಿತು. 1999ರ ಕೇಂದ್ರದ ನಿಯಮ ಚೀಲದ ದಪ್ಪ 20 ಮೈಕ್ರಾನಿಗೆ ಕಡಿಮೆಯಿರಬಾರದೆಂದಿತು. ಮರುಬಳಕೆಯ ಪ್ಲಾಸ್ಟಿಕ್ಕಿನ ಚೀಲದಲ್ಲಿ ತಿನ್ನುವ ಪದಾರ್ಥ ಕಟ್ಟಬಾರದೆಂದೂ ಹೇಳಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರ ಸೆಪ್ಟೆಂಬರಿನಿಂದ 75, 2022ರ ಕೊನೆಯಿಂದ 120. ಕರ್ನಾಟಕ ಸರಕಾರ ಇನ್ನೂ ಮುಂದೆ ಹೋಗಿ 2016ರ ಮಾರ್ಚ್ 11ರ ಅಧಿಸೂಚನೆಯಿಂದ ಕ್ಯಾರಿಬ್ಯಾಗನ್ನು ದಪ್ಪದ ಮಾತೆತ್ತದೆ ನಿಷೇಧಿಸಿತು. ಹಾಲಿನ ಪಾಕೀಟು, ಸಸಿ ಬೆಳೆಸುವ ಚೀಲಗಳನ್ನು ಬಿಟ್ಟಿತು. ನಿಷೇಧ ಕಾಗದದ ಮೇಲೆ ಪೂರ್ಣವಾಗಿದೆ. ಸಂತೆಯ ಕಾಯಿಪಲ್ಲೆಯ ಸಾಲಿನಲ್ಲಿ ಅದು ಎಷ್ಟು ಪೂರ್ಣವಾಗಿದೆ ಎಂಬುದನ್ನು ಓದುಗರು ತಾವೇ ಕಂಡಿದ್ದಾರೆ.

"ಮರುಬಳಕೆ ಮಾಡಿದರಾಯಿತಲ್ಲ" ಎಂದು ಸಮಾಧಾನ ಹೇಳುವವರಿದ್ದಾರೆ. ಮಾಡಬಹುದು, ನಿಜ. ಚೀಲಗಳನ್ನು ಬಣ್ಣ, ಜಾತಿ ನೋಡಿ ಬೇರ್ಪಡಿಸಿ, ತೊಳೆದು, ಒಣಗಿಸಿ, ಚೂರು ಮಾಡಿ, ಕರಗಿಸಿ, ಶಾವಿಗೆಯಂತೆ ಒತ್ತಿ ಕತ್ತರಿಸಿದರೆ ಕಾಳುಗಳಾಗುತ್ತವೆ. ಆ ಕಾಳುಗಳಿಂದ ಹೊಸ ವಸ್ತು. ಆದರೆ ಪ್ರತಿ ಸಲದ ಬಿಸಿಗೂ ಸರಪಳಿಗಳು ಕೆಡುತ್ತವೆ. ಶಾಯಿ, ಎಣ್ಣೆ, ಮಣ್ಣು ಒಳಸೇರುತ್ತವೆ. ಬಿಳಿಯದು ಬಣ್ಣದ್ದಾಗುತ್ತದೆ, ಬಣ್ಣದ್ದು ಕರಿದಾಗುತ್ತದೆ. ಕರಿದಾದದ್ದು ಪೈಪೋ ಹಾಳೆಯೋ ಆಗಿ ನಿಲ್ಲುತ್ತದೆ. ಕೌದಿಗೂ ಇದಕ್ಕೂ ಇರುವ ಭೇದವೆಂದರೆ, ಕೌದಿ ಹರಿದು ಹರಿದು ಕೊನೆಗೆ ಮಣ್ಣಾಗುತ್ತದೆ. ಇದು ಎಷ್ಟು ಜನ್ಮವೆತ್ತಿದರೂ ಮಣ್ಣಾಗುವುದಿಲ್ಲ. ಜಗತ್ತಿನಲ್ಲಿ 2015ರವರೆಗೆ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ನೂರಕ್ಕೆ ಸುಮಾರು 9 ಪಾಲು ಮಾತ್ರವೆಂದು 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಆರ್. ವಾಸುದೇವನ್ ಚೂರು ಮಾಡಿದ ಚೀಲಗಳನ್ನು ಕಾಯಿಸಿದ ಜಲ್ಲಿಯ ಮೇಲೆ ಚೆಲ್ಲಿ, ಅದು ಕರಗಿ ಕಲ್ಲಿಗೆ ಹೊದಿಕೆಯಾದ ಮೇಲೆ ಡಾಂಬರು ಕಲಸಿ ರಸ್ತೆ ಹಾಕುವ ಕ್ರಮವನ್ನು ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಗಳೂರಿನಲ್ಲಿ ಅಹಮದ್ ಖಾನ್, ರಸೂಲ್ ಖಾನ್ ಸಹೋದರರು ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಚೀಲಗಳನ್ನು ಕೊಂಡು ಡಾಂಬರಿಗೆ ಬೆರೆಸಿ ರಸ್ತೆಗಳಿಗೆ ಒದಗಿಸಿದರು. 2013ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು. ನನಗೆ ಇದರಲ್ಲಿ ಮೆಚ್ಚಾಗುವುದು, ದೀರ್ಘಾಯುಷ್ಯದ ವಸ್ತುವಿಗೆ ದೀರ್ಘಕಾಲದ ಕೆಲಸ ಕೊಟ್ಟದ್ದು. ಆದರೆ ಅದಕ್ಕೂ ಒಂದು ಷರತ್ತಿದೆ: ಚೀಲ ಮೊದಲು ಯಾರದೋ ಕೈಗೆ ಸಿಗಬೇಕು.

ಆ ಕೈಗೆ ಸಿಗುವಂತೆ ಮಾಡುವುದು ಅಡಿಗೆಮನೆಯ ಕೆಲಸ. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬಾರದು. ಆ ಚಿಕ್ಕ ತುಣುಕು ಮೋರಿ ಸೇರಿದರೆ ಮತ್ತೆ ಯಾರಿಗೂ ಸಿಗುವುದಿಲ್ಲ. ಸ್ವಲ್ಪ ಸೀಳಿ, ತುಣುಕು ಪಾಕೀಟಿಗೇ ತಗಲಿಕೊಂಡಿರುವಂತೆ ಬಿಟ್ಟರೆ ಸಾಕು. ತೊಳೆದು ಒಣಗಿಸಿದ ಪಾಕೀಟಿಗೆ ಗುಜರಿಯಲ್ಲಿ ಬೆಲೆಯುಂಟು. ಜಿಡ್ಡು ಹತ್ತಿ ಕಸದೊಡನೆ ಕಲೆತದ್ದಕ್ಕೆ ಇಲ್ಲ. ಮೂರು ಬಾಣದ ಗುರುತಿನೊಳಗೆ 4 ಎಂಬ ಅಂಕೆಯಿದ್ದರೆ ಅದು ಮೆತ್ತನೆಯ ಪಾಲಿಥೀನ್, 2 ಇದ್ದರೆ ಗಟ್ಟಿಯದು. ಗುರುತಿಲ್ಲದಿದ್ದರೆ ತುಣುಕನ್ನು ನೀರಿನಲ್ಲಿ ಅದ್ದಿ ನೋಡಬಹುದು. ಮುಳುಗಿದರೆ ಅದು ಪಾಲಿಥೀನ್ ಅಲ್ಲ. ಮತ್ತೆ ಎಲ್ಲಕ್ಕಿಂತ ಹಳೆಯ ಉಪಾಯವೊಂದಿದೆ. ಪೇಟೆಗೆ ಹೊರಡುವಾಗ ಗೂಟದ ಮೇಲಿನ ಬಟ್ಟೆಯ ಪಿಶವಿಯನ್ನು ಕೈಗೆ ತೆಗೆದುಕೊಳ್ಳುವುದು.

ದಾನಶಾಸನಗಳಲ್ಲಿ 'ಆಚಂದ್ರಾರ್ಕ' ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಚಂದ್ರ ಸೂರ್ಯರಿರುವವರೆಗೆ ಈ ಧರ್ಮ ನಡೆಯಲಿ ಎಂಬುದು ಅದರ ಅರ್ಥ. ಅಷ್ಟು ದೊಡ್ಡ ಮಾತನ್ನು ಹಿಂದಿನವರು ಎಲ್ಲದಕ್ಕೂ ಆಡಲಿಲ್ಲ. ಕೆರೆಗೆ, ಗುಡಿಗೆ, ವಿಹಾರಕ್ಕೆ, ಅನ್ನಛತ್ರಕ್ಕೆ ಆಡಿದರು. ನಾವು ಅರ್ಧ ಗಂಟೆ ಬದನೆಕಾಯಿ ಹೊರುವ ಚೀಲಕ್ಕೆ ಅದನ್ನು ಆಡದೆಯೇ ಆಡುತ್ತಿದ್ದೇವೆ. ಹದಿನಾರು ಸೆಟ್ಟಿಗಳು ಬಿಟ್ಟುಹೋದ ಕಲ್ಲನ್ನು ಓದಲು ಒಂಬತ್ತು ನೂರು ವರ್ಷಗಳ ಮೇಲೆ ಜನ ಡಂಬಳಕ್ಕೆ ಹೋಗುತ್ತಾರೆ. ನಾವು ಬಿಟ್ಟುಹೋಗುವುದನ್ನು ಓದಲು ಯಾರೂ ಬರಲಾರರು. ಅದನ್ನು ಹೊಲದಿಂದ ಆಯ್ದು ತೆಗೆಯಬೇಕಾದವರು ಮಾತ್ರ ಇರುತ್ತಾರೆ. ಅವರು ನಮ್ಮ ಮೊಮ್ಮಕ್ಕಳ ಮಕ್ಕಳು. ಕೈಯಲ್ಲಿರುವ ಕೆಲಸ ಎಷ್ಟು ದಿನದ್ದು, ಅದಕ್ಕೆ ಹಿಡಿದ ವಸ್ತು ಎಷ್ಟು ದಿನದ್ದು ಎಂದು ಒಮ್ಮೆ ತೂಗಿ ನೋಡುವ ಅಭ್ಯಾಸ ನಮಗೆ ಬಂದರೆ ಅವರ ಹೊರೆ ಅಷ್ಟಾದರೂ ಹಗುರವಾದೀತು.